ಕನಿಷ್ಠ ದರದ ಬ್ರೇಕು

ಅಂಬರೀಷನಿಗೆ ಟೋಪಿ ಹಾಕುವ ಅಂಗಡಿಯವನು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಅಂಬರೀಷನದೇ ಅಭಿಪ್ರಾಯ. ಹಾಗಂತ ಅವನು ಎಲ್ಲೂ ಕೊಚ್ಚಿಕೊಂಡವನಲ್ಲ. ಯಾರಾದರೂ ದರ ಹೇಳತೊಡಗಿದರೆ ಕನ್ನಡಕವನ್ನು ಹಣೆಗೆ ಏರಿಸಿ, ಹೇಳುವವರ ಬಾಯನ್ನೇ ನೋಡುತ್ತ ನಿಲ್ಲುತ್ತಿದ್ದ. ಆ ನೋಟಕ್ಕೆ ಹೆದರಿ ಎಷ್ಟೋ ಜನ ಕೇಳುವ ಮೊದಲೇ ಐವತ್ತು ರೂಪಾಯಿ ಇಳಿಸಿದ್ದುಂಟು.

ನವನಗರದ ಒಂದು ಸರಕಾರಿ ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಳೆದವನು ಅವನು. ಕುರ್ಚಿ, ಫ್ಯಾನು, ಜೆರಾಕ್ಸ್ ಕಾಗದ, ಏನೇ ಬೇಕಾದರೂ ಮೂರು ಅಂಗಡಿಗಳಿಂದ ಮೊಹರು ಮಾಡಿದ ಲಕೋಟೆಯಲ್ಲಿ ದರಪಟ್ಟಿ ತರಿಸಬೇಕು. ಮೂರನ್ನೂ ಒಂದೇ ಹೊತ್ತಿಗೆ ಒಡೆಯಬೇಕು. ಅಡ್ಡಗೆರೆ ಉದ್ದಗೆರೆ ಎಳೆದು ತುಲನಾತ್ಮಕ ತಃಖ್ತೆ ಮಾಡಬೇಕು. ಕನಿಷ್ಠ ದರದವನಿಗೆ ಆದೇಶ ಕೊಡಬೇಕು. ಈ ಕೆಲಸದಲ್ಲಿ ಅವನು ಒಂದು ರೂಪಾಯಿ ತಿಂದವನಲ್ಲ, ಒಬ್ಬ ಆಡಿಟರನ ಕೈಗೂ ಸಿಕ್ಕವನಲ್ಲ. ಆದರೆ ಅಷ್ಟು ವರ್ಷ ಒಂದೇ ಕೆಲಸ ಮಾಡಿದ್ದರಿಂದ ಕಚೇರಿಯ ಪದ್ಧತಿ ಅವನ ಹಿಂದೆಯೇ ಮನೆಯವರೆಗೂ ಬಂದುಬಿಟ್ಟಿತ್ತು. ಮಗಳ ಮದುವೆಯ ಪೆಂಡಾಲಿಗಿರಲಿ, ಅತ್ತೆಯ ಕಣ್ಣಿನ ಆಪರೇಶನ್ನಿಗೂ ಅವನು ಮೂರು ಕಡೆ ದರಪಟ್ಟಿ ಕೇಳಿದ್ದ.

ಅವನ ಹೆಂಡತಿ ಸುಜಾತಾ ಗರಗದ ಹೈಸ್ಕೂಲಿನಲ್ಲಿ ಶಿಕ್ಷಕಿ. ಮನೆ ಧಾರವಾಡದ ಕಲ್ಯಾಣನಗರದಲ್ಲಿ. ಹನ್ನೊಂದು ವರ್ಷ ಎರಡೆರಡು ಬಸ್ಸು ಬದಲಾಯಿಸಿ, ಅರ್ಧ ದಾರಿ ನಿಂತುಕೊಂಡೇ ಹೋಗಿ ಬಂದವಳು ನಲವತ್ತೈದನೆಯ ವಯಸ್ಸಿಗೆ ಡ್ರೈವಿಂಗ್ ಕಲಿಯುತ್ತೇನೆಂದು ಹೊರಟಳು. ಕಲಿಸುವವನು, "ಅಕ್ಕಾರ, ನಿಮಗ ಸ್ಕೂಟಿ ಸಾಕಾಗೂದಿಲ್ಲೇನ್ರಿ?" ಅಂದ. ಸಾಕಾಗುವುದಿಲ್ಲ ಅಂದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ ಮೂರನೆಯ ಸಲ ಪಾಸಾದಳು. ತನ್ನ ಉಳಿತಾಯದಿಂದಲೇ ಎಂಟು ವರ್ಷ ಹಳೆಯದಾದ ಒಂದು ಸಣ್ಣ ಕಾರು ಕೊಂಡಳು. ಅವಳ ತವರಿನಲ್ಲಾಗಲಿ ಗಂಡನ ಕಡೆಯಲ್ಲಾಗಲಿ ಸ್ಟೇರಿಂಗ್ ಹಿಡಿದ ಮೊದಲ ಹೆಣ್ಣುಮಗಳು ಅವಳೇ. ಅಂಬರೀಷನಿಗಂತೂ ಸ್ಕೂಟರು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಪ್ರತಿ ಐತವಾರ ಗಬ್ಬೂರಿನ ಅತ್ತೆಯ ಮನೆಗೆ ಹೋಗುವಾಗ ಅವನು ಹೆಂಡತಿಯ ಎಡಕ್ಕೆ ಕೂತು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ರಸ್ತೆಯುದ್ದಕ್ಕೂ ಬೋರ್ಡುಗಳನ್ನು ಓದುತ್ತಿದ್ದ.

ಆಗಸ್ಟ್ ತಿಂಗಳಲ್ಲಿ ಆ ಕಾರಿನ ಬ್ರೇಕು ಕಿರುಗುಟ್ಟತೊಡಗಿತು. ಅದೇ ವಾರ, ಯಾರೋ ಕೇಳಿಸಿಕೊಂಡು ಕಳಿಸಿದ ಹಾಗೆ, ಬೆಳಗಿನ ಪೇಪರಿನ ಮಡಿಕೆಯಿಂದ ಒಂದು ಕೆಂಪು ಹಾಳೆ ಜಾರಿ ಬಿತ್ತು. ಗಬ್ಬೂರ ಬೈಪಾಸಿನ ಹತ್ತಿರ ಹೊಸದಾಗಿ ತೆರೆದ ಗ್ಯಾರೇಜಿನದು. "ಬ್ರೇಕ್ ಹಬ್ಬ. ಮುಂದಿನ ಎರಡೂ ಗಾಲಿಗಳ ಬ್ರೇಕ್ ಪ್ಯಾಡ್ ಕೇವಲ ₹899." ಪಕ್ಕದಲ್ಲಿ ಸಣ್ಣ ನಕ್ಷತ್ರ. ಉಳಿದವರು ದೊಡ್ಡ ಅಕ್ಷರ ನೋಡಿ ಹೊರಡುತ್ತಾರೆ. ಅಂಬರೀಷ ನಕ್ಷತ್ರ ನೋಡಿ ಕೂತ. ಹಾಳೆಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತುಗಳು ಅನ್ವಯಿಸುತ್ತವೆ ಎಂದಿತ್ತು.

"ಇದರಾಗ ಏನೋ ಐತಿ" ಅಂದ.

"ಹಂಗಾದ್ರ ಬ್ಯಾರೆ ಕಡೆ ತೋರಸೂಣು" ಅಂದಳು ಸುಜಾತಾ.

"ಬ್ಯಾರೆ ಕಡೇನೂ ಕೇಳೂಣು, ಇದನ್ನೂ ಕೇಳೂಣು. ಮೂರು ಬರ್ಲಿ."

ಎರಡನೆಯ ದರ ಫೋನಿನಲ್ಲೇ ಸಿಕ್ಕಿತು. ಮನೆಗೇ ಬಂದು ರಿಪೇರಿ ಮಾಡುವವರು ಎರಡು ಸಾವಿರದ ಮುನ್ನೂರೈವತ್ತು ಅಂದರು. ಮೂರನೆಯದಕ್ಕೆ ಅವನು ಒಂದು ಸಂಜೆ ಕಚೇರಿಯಿಂದ ಬರುವಾಗ ರಾಯಾಪುರದಲ್ಲಿ ಇಳಿದು ಬಿಲಾಲನ ಗ್ಯಾರೇಜಿಗೆ ಹೋದ. ಗ್ಯಾರೇಜೆಂದರೆ ಒಂದು ತಗಡಿನ ಸೂರು, ಒಂದು ಬೇವಿನ ಮರ. ಬಿಲಾಲ ಐವತ್ತು ದಾಟಿದ ಮನುಷ್ಯ, ಯಾವುದೋ ಗಾಡಿಯ ಕೆಳಗಿಂದ ಹೊರಗೆ ಬಂದು ವಿಷಯ ಕೇಳಿದ.

"ಗಾಡಿ ಎಲ್ಲೈತ್ರಿ?"

"ಗಾಡಿ ಮನ್ಯಾಗೈತಿ. ನಮಗ ಮೊದಲ ರೇಟ್ ಬೇಕು. ಇಲ್ಲಿ ಬರದ ಕೊಡ್ರಿ, ಸಹಿ ಮಾಡಿ."

"ಗಾಲಿ ಬಿಚ್ಚದ ಹೆಂಗ್ ಹೇಳ್ಲಿ ಸಾಹೇಬ್ರ?"

"ಅಂದಾಜು ಹೇಳ್ರಿ."

"ಅಂದಾಜ ಹೇಳಿದ್ರ ನೀವು ಅದನ್ನ ಹಿಡ್ಕೊಂಡ ಕುಂದರ್ತೀರಿ. ಬಿಚ್ಚಿ ನೋಡಾಕ ಇನ್ನೂರು ರೂಪಾಯಿ ಆಗ್ತೈತಿ. ನೋಡಿದ ಮ್ಯಾಲೆ ಏನ ಬೇಕೋ ಹೇಳ್ತೀನಿ. ಏನೂ ಬ್ಯಾಡಾಗಿದ್ರ ಅದನ್ನೂ ಹೇಳ್ತೀನಿ."

ರಿಪೇರಿ ಮಾಡುವ ಮೊದಲೇ ನೋಡುವುದಕ್ಕೇ ದುಡ್ಡು ಕೇಳುವ ಪದ್ಧತಿ ಅಂಬರೀಷನಿಗೆ ಹಿಡಿಸಲಿಲ್ಲ. ಆ ರಾತ್ರಿ ಊಟವಾದ ಮೇಲೆ ಮಗಳ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ತಃಖ್ತೆ ಮಾಡಿದ. ಬಿಲಾಲನ ಹೆಸರಿನ ಮುಂದೆ, "ದರ ನಮೂದಿಸಿರುವುದಿಲ್ಲ. ತಿರಸ್ಕೃತ" ಎಂದು ಷರಾ ಬರೆದ. ಸುಜಾತಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಗಾಲಿ ಬಿಚ್ಚಿ ನೋಡ್ತೀನಿ ಅಂದಾಂವ ಇಂವ ಒಬ್ಬನ. ಇವನ್ನ ತಗದ ಹಾಕಿದ್ರೇನು?"

"ರೇಟ್ ಇಲ್ಲದಾಂವನ್ನ ತಃಖ್ತೆಯೊಳಗ ಹೆಂಗ್ ಕೂಡಸೂದು?" ಅಂದ ಅಂಬರೀಷ. ಅವನ ಮಟ್ಟಿಗೆ ಅದು ಉತ್ತರವೇ ಆಗಿತ್ತು.

ಮುಂದಿನ ಐತವಾರ ಸುಜಾತಾ ಅವನನ್ನೂ ಕಾರನ್ನೂ ಬೈಪಾಸಿನ ಗ್ಯಾರೇಜಿನಲ್ಲಿ ಬಿಟ್ಟು, ಆಟೋ ಹತ್ತಿ ತಾಯಿಯ ಮನೆಗೆ ಹೋದಳು. ಗ್ಯಾರೇಜು ಗಾಜಿನ ಗೋಡೆಯದು, ಕೂರಲು ಸೋಫಾ ಇತ್ತು, ಕುಡಿಯಲು ಕಾಫಿ ಬರುತ್ತಿತ್ತು. ಇದ್ಯಾವುದಕ್ಕೂ ಅಂಬರೀಷ ಮರುಳಾಗಲಿಲ್ಲ. ಕೌಂಟರಿನಲ್ಲಿದ್ದ ಪೂನಮ್ ಎಂಬ ಹುಡುಗಿಯ ಮುಂದೆ ತಾನು ಮನೆಯಿಂದಲೇ ಬರೆದು ತಂದಿದ್ದ ಕಾಗದ ಇಟ್ಟ. ಮುಂದಿನ ಎರಡೂ ಗಾಲಿಗಳ ಬ್ರೇಕ್ ಪ್ಯಾಡ್ ಬದಲಾವಣೆ, ಕೂಲಿ ಮತ್ತು ತೆರಿಗೆ ಸೇರಿ ಒಟ್ಟು ಎಂಟುನೂರಾ ತೊಂಬತ್ತೊಂಬತ್ತು. ಇದರ ಹೊರತು ಯಾವುದೇ ಮೊತ್ತ ಸಲ್ಲತಕ್ಕದ್ದಲ್ಲ. ಪೂನಮ್ ಒಳಗೆ ಹೋಗಿ ಮ್ಯಾನೇಜರನನ್ನು ಕೇಳಿ ಬಂದು, ನಗುತ್ತಲೇ ಸಹಿ ಮಾಡಿ ಸಿಕ್ಕಾ ಒತ್ತಿ ಕೊಟ್ಟಳು. ನಕ್ಷತ್ರದ ಹಲ್ಲು ಕಿತ್ತು ಕೈಗೆ ಕೊಟ್ಟಷ್ಟು ಅವನಿಗೆ ಹಿಗ್ಗಾಯಿತು.

ಮುಕ್ಕಾಲು ಗಂಟೆಯ ಮೇಲೆ ಅವಳು ಮತ್ತೆ ಬಂದಳು.

"ಸರ್, ಬಲಗಡಿ ಗಾಲೀದು ಕ್ಯಾಲಿಪರ್ ಬಿಗಿಯಾಗೈತ್ರಿ. ಪ್ಯಾಡನ್ನ ಒತ್ತಿ ಹಿಡೀತೈತಲ್ಲ, ಆ ಹಿಡಿಕೀರಿ. ಒಳಗ ತುಕ್ಕು ಹತ್ತಾಕತ್ತೈತಿ. ಬಿಚ್ಚಿ ಸ್ವಚ್ಛ ಮಾಡಿ ಸೀಲ್ ಹಾಕಿದ್ರ ಛಲೋ ಆಗ್ತಿತ್ತು. ಸಾವಿರದ ಎರಡನೂರು ಆಗ್ತೈತ್ರಿ."

ಅಂಬರೀಷ ಇದಕ್ಕೇ ಕಾಯುತ್ತಿದ್ದ. ಖರೇ ಹೇಳಬೇಕೆಂದರೆ, ಅವಳು ಇಷ್ಟು ತಡ ಮಾಡಿದ್ದಕ್ಕೇ ಅವನಿಗೆ ಆಶ್ಚರ್ಯವಾಗಿತ್ತು. ಕಡಿಮೆ ದರ ತೋರಿಸಿ ಕರೆಯುವುದು, ಗಾಡಿ ಬಿಚ್ಚಿಟ್ಟ ಮೇಲೆ ಅದು ಕೆಟ್ಟಿದೆ ಇದು ಕೆಟ್ಟಿದೆ ಅನ್ನುವುದು. ಇಪ್ಪತ್ತಾರು ವರ್ಷದಲ್ಲಿ ಇಂಥದನ್ನು ಅವನು ಎಷ್ಟು ಕಂಡಿಲ್ಲ. ಕನ್ನಡಕ ಹಣೆಗೆ ಹೋಯಿತು.

"ಕಾಗದದಾಗ ಏನ ಬರದೀವಿ ಅಷ್ಟ ಮಾಡ್ರಿ."

"ಈಗ ಹೆಂಗೋ ನಡೀತೈತ್ರಿ. ಎರಡ್ಮೂರು ತಿಂಗಳಿಗೆ ಪೂರಾ ಹಿಡ್ಕೊಂಡ ಬಿಡ್ತೈತಿ. ಬೇಕಂದ್ರ ಒಳಗ ಬಂದು ನೀವ ನೋಡ್ರಿ ಸರ್, ಗಾಲಿ ಬಿಚ್ಚೇ ಇಟ್ಟಾರ."

ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಆದರೆ ಮಾರುವವನ ಗೋದಾಮಿಗೆ ಕಾಲಿಡಬಾರದು, ಕಾಲಿಟ್ಟರೆ ಅರ್ಧ ಒಪ್ಪಿದ ಹಾಗೆ ಎಂಬುದು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರು ಕಲಿಸಿದ ಪಾಠ. ಅವನು ಸೋಫಾ ಬಿಟ್ಟು ಏಳಲಿಲ್ಲ.

"ಬ್ಯಾಡ" ಅಂದ.

"ಹಂಗಿದ್ರ ಬಿಲ್ಲಿನ ಹಿಂದ ಒಂದ ಸಾಲ ಬರೀತೀನ್ರಿ, ನೀವು ಸಹಿ ಹಾಕ್ಬೇಕಾಗ್ತೈತಿ."

ಬಲಗಡೆಯ ಕ್ಯಾಲಿಪರ್ ದುರಸ್ತಿ ಸೂಚಿಸಲಾಗಿದೆ, ಗ್ರಾಹಕರು ನಿರಾಕರಿಸಿದ್ದಾರೆ. ಅಂಬರೀಷ ಅದರ ಕೆಳಗೆ ಸಹಿ ಮಾಡಿ ತಾರೀಖನ್ನೂ ಹಾಕಿದ. ಬರವಣಿಗೆಯಲ್ಲಿ ನಿರಾಕರಿಸುವುದು ಬಾಯಲ್ಲಿ ನಿರಾಕರಿಸುವುದಕ್ಕಿಂತ ಯಾವತ್ತೂ ಮೇಲು ಎಂದು ಅವನಿಗೆ ಅನ್ನಿಸಿತು.

ಸುಜಾತಾ ಬಂದಾಗ, "ಎಂಟನೂರಾ ತೊಂಬತ್ತೊಂಬತ್ತು. ಒಂದ ಪೈಸಾ ಹೆಚ್ಚಿಲ್ಲ" ಎಂದಷ್ಟೇ ಹೇಳಿದ. ಕ್ಯಾಲಿಪರಿನ ಮಾತು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ತಾನು ಬೀಳದೇ ಹೋದ ಬಲೆಯನ್ನು ಹೆಂಡತಿಗೆ ಯಾಕೆ ತೋರಿಸುವುದು ಅಂದುಕೊಂಡ. ಸೋಮವಾರ ಕಚೇರಿಯಲ್ಲಿ ಮಾತ್ರ ಅದೇ ಬಲೆಯ ಕಥೆಯನ್ನು ನಾಲ್ಕು ಮೇಜುಗಳಿಗೆ ಹೋಗಿ ನಾಲ್ಕು ಸಲ ಹೇಳಿದ.

ಕಿರುಗುಟ್ಟುವುದು ನಿಂತಿತು. ದಸರೆಯ ರಜೆ ಮುಗಿದ ಮೇಲೆ ಬೇರೆಯದೇ ಶುರುವಾಯಿತು.

"ಬ್ರೇಕ್ ಒತ್ತಿದ್ರ ಕಾರು ಎಡಕ್ಕ ಎಳದಂಗ ಆಗಾಕತ್ತೈತಿ" ಅಂದಳು ಸುಜಾತಾ.

ಅಂಬರೀಷ ಕಪಾಟಿನಿಂದ ಫೈಲು ತೆಗೆದ. ಕಾರಿನದೇ ಒಂದು ಫೈಲಿತ್ತು, ಮೇಲೆ ದಪ್ಪ ಅಕ್ಷರದಲ್ಲಿ ನಂಬರು ಬರೆದದ್ದು. ಬಿಲ್ಲನ್ನು ಬಿಡಿಸಿ ಮುಂಬದಿಯನ್ನು ಅವಳಿಗೆ ತೋರಿಸಿದ. ಮುಂದಿನ ಎರಡೂ ಗಾಲಿ, ಹೊಸ ಪ್ಯಾಡು, ತಾರೀಖು, ಸಿಕ್ಕಾ.

"ಬ್ರೇಕ್ ಹೊಸಾವು. ನೀ ಒತ್ತೂಮುಂದ ಸ್ಟೇರಿಂಗ್ ತಿರುವ್ತಿ ಏನೋ, ನೋಡ್ಕೋ."

ಸುಜಾತಾ ನೋಡಿಕೊಂಡಳು. ದಿನಾ ಹೋಗುವಾಗ ಹದಿನೆಂಟು, ಬರುವಾಗ ಹದಿನೆಂಟು ಕಿಲೋಮೀಟರು ತನ್ನ ಕೈಗಳನ್ನೇ ನೋಡಿಕೊಂಡಳು. ಮತ್ತೆ ಹೇಳಿದಳು. ಮತ್ತೆ ಫೈಲು ಬಂತು. ಐದನೆಯ ಸಲ ಹೇಳಿದಾಗ ಅವನು ಫೈಲು ತೆಗೆಯಲಿಲ್ಲ, ಕಪಾಟಿನ ಕಡೆ ನೋಡಿದ ಅಷ್ಟೇ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಬ್ರೇಕು ಒತ್ತುವಾಗೆಲ್ಲ ಸ್ಟೇರಿಂಗನ್ನು ಒಂದಿಷ್ಟು ಬಲಕ್ಕೆ ಹಿಡಿದು, ತಪ್ಪು ತನ್ನದೇ ಎಂದುಕೊಂಡು ನಡೆಸತೊಡಗಿದಳು.

ಡಿಸೆಂಬರಿನ ಮೊದಲ ವಾರ ಗರಗದ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಗಕ್ಕನೆ ನಿಂತಿತು. ಸುಜಾತಾ ಜೋರಾಗಿ ಬ್ರೇಕು ಒತ್ತಿದಳು. ಕಾರು ಡಾಂಬರು ಬಿಟ್ಟು ಎಡಕ್ಕೆ ನುಗ್ಗಿ, ಮಣ್ಣಿನಲ್ಲಿ ಜಾರಿ, ಬಸ್ ನಿಲ್ದಾಣದ ಕಟ್ಟೆಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಏಳುವುದಕ್ಕೂ ಹೊತ್ತಿರಲಿಲ್ಲವಾದ್ದರಿಂದ ಕೂತೇ ಇದ್ದಳು. ಕಾರಿನಲ್ಲಿ ಸುಜಾತಾಳ ಪಕ್ಕದಲ್ಲಿ ಅದೇ ಶಾಲೆಯ ಫಿರದೋಸ ಟೀಚರಿದ್ದರು. ಎರಡು ವರ್ಷದಿಂದ ದಿನವೂ ಜೊತೆಗೆ ಬರುತ್ತಿದ್ದವರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಫಿರದೋಸ ಫೋನು ಮಾಡಿ, ಇನ್ನು ಮೇಲೆ ಮನೆಯಿಂದ ಲಗೂ ಬಿಡಬೇಕಾಗಿದೆ, ಬಸ್ಸಿಗೆ ಹೋಗುತ್ತೇನೆ ಅಂದರು. ಸುಜಾತಾ ಆಗಲಿ ಅಂದಳು. ಆ ದಿನ ಅವಳು ಊಟ ಮಾಡಲಿಲ್ಲ.

ಅಂಬರೀಷ ಅವಳಿಗೆ ಒಂದು ಕಟುಮಾತೂ ಆಡಲಿಲ್ಲ. "ರಸ್ತಾ ಅಂದಮ್ಯಾಲೆ ಆಗ್ತಾವ" ಅಂದ. ಆದರೆ ಮುಂದಿನ ಐತವಾರ ಗಬ್ಬೂರಿಗೆ ಹೊರಡುವ ಹೊತ್ತಿಗೆ ಅವನಿಗೆ ಕಚೇರಿಯ ಒಂದು ಫೈಲು ನೆನಪಾಯಿತು. ನೀನು ಮುಂದೆ ಹೋಗು, ನಾನು ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸು ಹಿಡಿದು ನವನಗರದಲ್ಲಿ ಇಳಿದು, ಕೆಲಸ ಮುಗಿಸಿ ಬರುತ್ತೇನೆ ಅಂದ. ಅದರ ಮುಂದಿನ ಐತವಾರವೂ ಫೈಲಿತ್ತು. ಮೂರನೆಯ ಐತವಾರ ಅವಳೇ, "ನೀವು ಬಸ್ಸಿಗೆ ಬರ್ತೀರಲ್ಲ?" ಎಂದು ಕೇಳಿ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡಳು.

ಹೊಸ ವರ್ಷದ ಮೊದಲ ವಾರ ಅವಳು ಹೇಳಿದಳು, "ಕಾರ ಮಾರಿಬಿಡೂಣು."

"ಯಾಕ?"

"ನನಗ ಬರೂದಿಲ್ಲ."

ಎರಡು ಸಲ ಫೇಲಾದಾಗಲೂ ಈ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಅಂಬರೀಷನಿಗೆ ಕೆಡುಕೆನಿಸಿತು. ಜೊತೆಗೇ ನಿರಾಳವೂ ಆಯಿತು, ಅದನ್ನೂ ಹೇಳಿಬಿಡಬೇಕು. ಮತ್ತೆ ಎರಡೆರಡು ಬಸ್ಸು, ಮತ್ತೆ ನಿಂತುಕೊಂಡು ಹೋಗುವುದು, ಸಂಜೆ ಏಳಕ್ಕೆ ಮನೆ. ಹಾಗಾದರೂ ಅವಳು ಕ್ಷೇಮವಾಗಿ ಬರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡು, ಕಾರಿಗೆ ಮೂರು ಕಡೆಯಿಂದ ಬೆಲೆ ಕೇಳಿದ. ಈ ಸಲ ಗರಿಷ್ಠ ದರ ನೋಡುವುದಿತ್ತು, ಅಷ್ಟೇ ವ್ಯತ್ಯಾಸ.

ಗರಿಷ್ಠ ದರ ಹೇಳಿದವನು ರಾಯಾಪುರದ ಗುರುಬಸವ. ಬೀಜ, ಗೊಬ್ಬರದ ಅಂಗಡಿಯವನು. ಮಗಳಿಗೆ ಕಲಿಯಲು ಒಂದು ಹಳೆಯ ಗಾಡಿ ಬೇಕಾಗಿತ್ತು. ಅವನದು ಒಂದೇ ಷರತ್ತು, ತನ್ನ ಮೇಸ್ತ್ರಿ ಒಮ್ಮೆ ಗಾಲಿ ಬಿಚ್ಚಿ ನೋಡಬೇಕು. ಮೇಸ್ತ್ರಿ ಯಾರೆಂದು ಕೇಳಿದರೆ ಬಿಲಾಲ ಅಂದ. ಬೇಡವೆನ್ನಲು ಅಂಬರೀಷನಿಗೆ ಕಾರಣ ಸಿಗಲಿಲ್ಲ.

ಎರಡನೇ ಶನಿವಾರ ಮಧ್ಯಾಹ್ನ ಗುರುಬಸವ ಕಲ್ಯಾಣನಗರಕ್ಕೆ ಬಂದು ತಾನೇ ಕಾರು ನಡೆಸಿಕೊಂಡು ಹೊರಟ. ಸುಜಾತಾ ಕೀಲಿ ಕೊಟ್ಟು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಒಳಗೇ ಕೂತಳು. ಮೊದಲ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದ ಕೂಡಲೇ ಗುರುಬಸವ ಹುಬ್ಬು ಗಂಟಿಕ್ಕಿದ.

"ಇದು ಎಡಕ್ಕ ಎಳೀತೈತಲ್ರಿ."

"ನಮ್ಮ ಮನಿಯವ್ರೂ ಹಂಗ ಅಂತಿದ್ರು" ಅಂದ ಅಂಬರೀಷ.

"ಮತ್ತ ಎಲ್ಲೂ ತೋರಿಸ್ಲಿಲ್ಲೇನು?"

ಅಂಬರೀಷ ರಸ್ತೆಯ ಬೋರ್ಡುಗಳನ್ನು ಓದತೊಡಗಿದ.

ಬಿಲಾಲನಿಗೆ ಇವನ ನೆನಪಿರಲಿಲ್ಲ. ಇದ್ದರೂ ತೋರಿಸಲಿಲ್ಲ. ಜಾಕು ಹಚ್ಚಿ, ಎಡಗಡೆಯ ಗಾಲಿ ಬಿಚ್ಚಿ ಒಂದು ಪ್ಯಾಡು ತೆಗೆದ. ಬಲಗಡೆಯ ಗಾಲಿ ಬಿಚ್ಚಿ ಇನ್ನೊಂದು ತೆಗೆದ. ಎರಡನ್ನೂ ಬೇವಿನ ಮರದ ಬುಡದ ಕಲ್ಲಿನ ಮೇಲೆ ಅಕ್ಕಪಕ್ಕ ಇಟ್ಟ. ಎಡಗಡೆಯದು ಸವೆದು ಬಿಸ್ಕೀಟಿನಷ್ಟು ತೆಳ್ಳಗಾಗಿತ್ತು. ಬಲಗಡೆಯದರ ಅಂಚಿನ ಬಣ್ಣ ಕೂಡ ಹೋಗಿರಲಿಲ್ಲ.

"ಎರಡೂ ಒಂದ ದಿನ ಹಾಕಿದ್ದು" ಅಂದ ಬಿಲಾಲ. "ಒಂದು ದುಡದೈತಿ, ಒಂದು ಸುಮ್ನ ಕುಂತೈತಿ. ಬಲಗಡಿ ಕ್ಯಾಲಿಪರ್ ತುಕ್ಕು ಹತ್ತಿ ಹಿಡ್ಕೊಂಡೈತಿ, ಪ್ಯಾಡನ್ನ ಒತ್ತೂದ ಇಲ್ಲ. ಬ್ರೇಕ್ ಒತ್ತಿದ್ರ ಎಡಗಾಲಿ ನಿಲ್ತೈತಿ, ಬಲಗಾಲಿ ಓಡ್ತೈತಿ. ಮತ್ತ ಎಡಕ್ಕ ಹೋಗದ ಎಲ್ಲಿಗೆ ಹೋಗ್ಬೇಕು?"

ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ, "ಇದನ್ನ ಯಾರು ನಡಸ್ತಾರ್ರಿ?"

"ನಮ್ಮ ಮನಿಯವ್ರು. ದಿನಾ ಗರಗಕ್ಕ ಹೋಗ್ತಾರ."

"ಎಷ್ಟ ದಿನ ಆತು ಎಳ್ಯಾಕತ್ತು?"

"ಮೂರು ತಿಂಗಳಾತು."

"ಮೂರ ತಿಂಗಳು ಇಂಥಾ ಗಾಡೀನ ರಸ್ತಾದ ಮ್ಯಾಲೆ ಇಟ್ಕೊಂಡ ಹೋಗಿ ಬಂದಾರಂದ್ರ, ಅವ್ರ ಕೈ ಭಾಳ ಛಲೋ ಐತ್ರಿ. ನಾನಾಗಿದ್ರ ಎಂದೋ ಗಟಾರಕ್ಕ ಹಾಕಿರ್ತಿದ್ದೆ."

ಗುರುಬಸವ ಕಲ್ಲಿನ ಮೇಲಿನ ಪ್ಯಾಡುಗಳನ್ನು ತಿರುಗಿಸಿ ನೋಡುತ್ತಿದ್ದ. "ಹೊಸಾ ಪ್ಯಾಡ್ ಹಾಕಿದ ಮಂದಿಗೆ ಇದು ಕಾಣಲಿಲ್ಲೇನು? ಕಂಡಿರ್ತೈತಿ. ರೊಕ್ಕಾ ತಗೊಂಡು ಬಾಯಿ ಮುಚ್ಕೊಂಡಾರ, ಕಳ್ಳ ನನ್ನ ಮಕ್ಕಳು."

ಹೌದು ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೌದು ಎಂಬ ಮಾತು ಅಂಬರೀಷನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನ ಕಣ್ಣ ಮುಂದೆ ಆ ಹುಡುಗಿ ಪೂನಮ್ ನಿಂತಿದ್ದಳು, ಒಳಗೆ ಬಂದು ನೀವೇ ನೋಡಿ ಅನ್ನುತ್ತಿದ್ದಳು.

"ಅವ್ರು ಹೇಳಿದ್ರು" ಅಂದ. "ಮಾಡಸ್ರಿ ಅಂತ ಹೇಳಿದ್ರು. ಬ್ಯಾಡ ಅಂತ ಸಹಿ ಮಾಡಿಕೊಟ್ಟಾಂವ ನಾನ."

ಬಿಲಾಲ ನಗಲಿಲ್ಲ. ಗುರುಬಸವನೂ ನಗಲಿಲ್ಲ, ಅದಕ್ಕಿಂತ ಸಹಿಸಲು ಕಷ್ಟವಾದ ಒಂದು ಕೆಲಸ ಮಾಡಿದ. ಅಂಬರೀಷನ ಮುಖ ಬಿಟ್ಟು ಬೇವಿನ ಮರದ ಕಡೆ ನೋಡಿದ. ಆಮೇಲೆ ವ್ಯಾಪಾರದ ಮಾತು ತೆಗೆದ. ರಿಪೇರಿಯ ಖರ್ಚು ಕಳೆದು ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ, ಗಾಡಿ ಇಲ್ಲೇ ಇರಲಿ, ಸಂಜೆಯೊಳಗೆ ತಿಳಿಸಿ ಅಂದ. ಆ ಖರ್ಚು ಎಷ್ಟೆಂದು ಅಂಬರೀಷ ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ದರ ಕೇಳದೆ ಎದ್ದು ಬಂದದ್ದು ಅದೇ ಮೊದಲು.

ರಾಯಾಪುರದಿಂದ ಬಸ್ಸಿನಲ್ಲಿ ಬರುವಾಗ ಅವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಲೆಕ್ಕ ಸರಳವಾಗಿತ್ತು. ಹೇಳದಿದ್ದರೆ ಏನೂ ಆಗುವುದಿಲ್ಲ. ಕಾರು ಒಳ್ಳೆಯ ಬೆಲೆಗೆ ಹೋಗುತ್ತದೆ. ಗುರುಬಸವ ರಾಯಾಪುರದಲ್ಲಿ, ಬಿಲಾಲ ರಾಯಾಪುರದಲ್ಲಿ. ಸುಜಾತಾಳಿಗೆ ಹೇಳುವವರು ಯಾರೂ ಇಲ್ಲ. ಅವಳು ಸೋಮವಾರದಿಂದ ಬಸ್ಸಿಗೆ ಹೋಗುತ್ತಾಳೆ ಮತ್ತು ಇನ್ನು ಉಳಿದ ಆಯುಷ್ಯವೆಲ್ಲ ತನಗೆ ಕಾರು ನಡೆಸಲು ಬರಲಿಲ್ಲ ಎಂದು ನಂಬಿಕೊಂಡಿರುತ್ತಾಳೆ. ಈ ಕೊನೆಯ ಮಾತಿನ ಹತ್ತಿರ ಬಂದಾಗಲೆಲ್ಲ ಲೆಕ್ಕ ನಿಲ್ಲುತ್ತಿತ್ತು. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಕೂತು ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಮನೆಗೆ ಬಂದಾಗ ಸುಜಾತಾ ನೆಲದ ಮೇಲೆ ಚಾಪೆ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಪೇಪರು ತಿದ್ದುತ್ತಿದ್ದಳು. "ಆತೇನು?" ಎಂದು ಕೇಳಿದಳು, ತಲೆಯೆತ್ತದೆ.

ಅಂಬರೀಷ ಕಪಾಟು ತೆಗೆದು ಫೈಲು ತಂದ. ಬಿಲ್ಲು ಬಿಡಿಸಿ, ಈ ಸಲ ಹಿಂಬದಿ ಮೇಲೆ ಮಾಡಿ ಅವಳ ಮುಂದೆ ಇಟ್ಟ. ಅವಳು ಓದಿದಳು. ಉತ್ತರಪತ್ರಿಕೆ ಓದುವ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ ಓದಿ ಮತ್ತೆ ಮೊದಲಿನಿಂದ ಓದಿದಳು.

"ಬಲಗಡಿ ಬ್ರೇಕ್ ಹಿಡೀತಿದ್ದಿಲ್ಲ" ಅಂದ ಅವನು. "ಬಿಲಾಲ ಬಿಚ್ಚಿ ತೋರಿಸಿದ. ನಿನ್ನ ಕೈ ಭಾಳ ಛಲೋ ಐತಿ ಅಂದ, ಇಲ್ಲಂದ್ರ ಎಂದೋ ಗಟಾರಕ್ಕ ಬೀಳ್ತಿತ್ತು ಅಂದ. ಆಗಸ್ಟಿನ್ಯಾಗ ಆ ಹುಡಿಗಿ ನನಗ ಹೇಳಿದ್ಲು. ನಾ ಬ್ಯಾಡ ಅಂದೆ."

"ನಾನೂ ಹೇಳಿದ್ದೆ."

"ಹೇಳಿದ್ದಿ."

"ಐದ ಸಲಾ ಹೇಳಿದ್ದೆ."

ಅವನು ತಲೆ ಆಡಿಸಿದ.

ಸುಜಾತಾ ಕಾಗದವನ್ನು ಮಡಚಿ ಬದಿಗಿಟ್ಟಳು. ಸಿಟ್ಟು ಮಾಡುತ್ತಾಳೆಂದು ಅವನು ಕಾದ. ಅವಳು ಸಿಟ್ಟು ಮಾಡಲಿಲ್ಲ, ಒಂದು ಪ್ರಶ್ನೆ ಕೇಳಿದಳು.

"ಆ ಎರಡು ಐತವಾರ ನವನಗರದಾಗ ಖರೇನ ಫೈಲ್ ಇತ್ತೇನು?"

"ಇರಲಿಲ್ಲ."

"ಬ್ರೇಕಿಗೆ ಅಂಜಿ ಬಸ್ಸಿಗೆ ಹೋದ್ರೋ, ನನಗ ಅಂಜಿ ಹೋದ್ರೋ?"

ಬ್ರೇಕಿಗೆ ಅನ್ನುವುದು ಸುಲಭವಿತ್ತು. ಆದರೆ ಬ್ರೇಕು ಸರಿಯಿದೆ ಎಂದು ಅವನೇ ನಾಲ್ಕು ಸಲ ಕಾಗದ ತೋರಿಸಿದ್ದ. ಉತ್ತರ ಒಂದೇ ಉಳಿದಿತ್ತು, ಅದು ಅವಳಿಗೂ ಗೊತ್ತಿತ್ತು.

"ನಿನಗ" ಅಂದ ಅಂಬರೀಷ.

ಸುಜಾತಾಳ ಕಣ್ಣುಗಳು ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಂಡು, ಪೆನ್ನಿನ ಟೊಪ್ಪಿಗೆ ಹಾಕಿ, ಫೋನು ತೆಗೆದುಕೊಂಡಳು. ಗುರುಬಸವನ ನಂಬರು ಹೇಳಿಸಿಕೊಂಡು, ಗಾಡಿ ಕೊಡುವುದಿಲ್ಲ, ತೊಂದರೆ ಕೊಟ್ಟದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಅಂದಳು. ಬಿಲಾಲನಿಗೆ, "ಏನೇನು ಬೇಕೋ ಎಲ್ಲಾ ಮಾಡ್ರಿ. ನಾಳೆ ನಾನ ಬಂದು ಒಯ್ತೀನಿ. ಎಷ್ಟಾತಂತ ನನಗ ಹೇಳ್ರಿ" ಅಂದಳು. ಆಮೇಲೆ ಇನ್ನೊಂದು ನಂಬರು ಒತ್ತಿ, ಅಲ್ಲಿ ರಿಂಗಾಗುತ್ತಿರುವಾಗಲೇ ಫೋನನ್ನು ಗಂಡನ ಕೈಗೆ ಕೊಟ್ಟಳು.

"ಯಾರಿಗೆ?"

"ಫಿರದೋಸಗ. ನೀವ ಹೇಳ್ರಿ."

ಅಂಬರೀಷ ಎದ್ದು ನಿಂತ. ಹಿರಿಯ ಅಧಿಕಾರಿಗಳ ಫೋನು ಬಂದಾಗ ಮಾತ್ರ ಅವನು ಹಾಗೆ ನಿಲ್ಲುತ್ತಿದ್ದದ್ದು. ಆ ಕಡೆಯಿಂದ ಹಲೋ ಬಂತು.

"ಟೀಚರ, ನಾ ಅಂಬರೀಷ, ಸುಜಾತಾನ ಯಜಮಾನ. ಅವತ್ತ ಕಾರು ಕಟ್ಟೀ ಕಡೆ ಹೋತಲ್ಲ, ಅದು ಆಕೀ ತಪ್ಪಲ್ರಿ. ಬಲಗಡಿ ಬ್ರೇಕ್ ಕೆಟ್ಟಿತ್ತು. ಗ್ಯಾರೇಜಿನವ್ರು ಮಾಡಸ್ರಿ ಅಂದ್ರೂ ನಾನ ಮಾಡಿಸ್ಲಿಲ್ಲ. ಆಕಿ ಎಳೀತೈತಿ ಎಳೀತೈತಿ ಅಂತ ಹೇಳಿದ್ರೂ ಕೇಳಲಿಲ್ಲ. ತಪ್ಪು ನಂದು. ನಿಮ್ಮ ಜೀವಾನೂ ಅದರಾಗಿತ್ತು."

 ಆ ಕಡೆ ಎಲ್ಲೋ ಕುಕ್ಕರು ಕೂಗಿದ್ದು ಕೇಳಿಸಿತು. ಫಿರದೋಸ ಕೇಳಿದರು, "ಬ್ರೇಕ್ ಈಗ ಮಾಡ್ಸಾಕತ್ತೀರೇನ್ರಿ?"

"ನಾನಲ್ರಿ. ಆಕೀನ ಮಾಡ್ಸಾಕತ್ತಾಳ."

"ಹಂಗಿದ್ರ ಸೋಮವಾರ ಎಷ್ಟಕ್ಕ ಬಿಡ್ತಾಳಂತ ಕೇಳಿ ಹೇಳ್ರಿ."

ಅಂಬರೀಷ ಫೋನಿನ ಮೇಲೆ ಕೈ ಮುಚ್ಚಿ ಹೆಂಡತಿಯ ಕಡೆ ತಿರುಗಿದ. ಕೇಳುವುದೇನೂ ಬೇಕಾಗಲಿಲ್ಲ. ಸುಜಾತಾ ಆಗಲೇ ಮುಂದಿನ ಪೇಪರು ತೆಗೆದುಕೊಂಡಿದ್ದಳು.

"ಎಂಟೂ ಇಪ್ಪತ್ತಕ್ಕ" ಅಂದಳು.